ಪಾವನಿಗೆ ಆಗದ ಕಡ್ಲೆಕಾಯಿ

ಹೋದ ವಾರ ಚಾಂಪಿಯನ್ ರೀಫ್ಸ್‌ನಲ್ಲಿ ರೈಲು ಇಳಿದಾಗ ಮಳೆ ಬರುತ್ತಿತ್ತೋ ಇಲ್ಲವೋ ಹೇಳುವುದು ಕಷ್ಟವಾಗಿತ್ತು. ಕೊಡೆ ಬಿಚ್ಚಿದರೆ ನಾಚಿಕೆ, ಬಿಚ್ಚದಿದ್ದರೆ ಒದ್ದೆ, ಅಂಥ ಜಡಿ. ಸ್ಟೇಷನ್ನಿನ ಹೊರಗೆ ತಳ್ಳುಗಾಡಿಯೊಂದರ ಮೇಲೆ ದೊಡ್ಡ ಪಾತ್ರೆಯಲ್ಲಿ ಹಸಿ ಕಡ್ಲೆಕಾಯಿ ಬೇಯುತ್ತಿತ್ತು. ಉಪ್ಪು, ಮಣ್ಣು, ಬೆಂದ ಸಿಪ್ಪೆ ಎಲ್ಲ ಬೆರೆತ ಆವಿ ತಣ್ಣನೆಯ ಗಾಳಿಯಲ್ಲಿ ಮೇಲೇಳಲಾರದೆ ರಸ್ತೆಯುದ್ದಕ್ಕೂ ಹರಡಿಕೊಂಡಿತ್ತು. ಜನ ಪೊಟ್ಟಣ ಕಟ್ಟಿಸಿಕೊಂಡು ಬೆರಳು ಸುಟ್ಟುಕೊಳ್ಳುತ್ತ ತಿನ್ನುತ್ತಿದ್ದರು. ನಾನು ಮಾತ್ರ ಅಲ್ಲೇ ನಿಂತು, ಸುತ್ತಮುತ್ತ ಯಾವುದಾದರೂ ಸಣ್ಣ ಹುಡುಗಿ ಇದ್ದಾಳೆಯೇ ಎಂದು ನೋಡಿದೆ. ಇಷ್ಟು ವರ್ಷವಾದರೂ ಆ ಅಭ್ಯಾಸ ಹೋಗಿಲ್ಲ.

ನಾನು ಆ ಕಡೆಯ ಶಾಲೆಯಲ್ಲಿ ಟೀಚರಾಗಿ ಇದ್ದದ್ದು ಒಂದೇ ವರ್ಷ. ಬಂಗಾರಪೇಟೆಯ ಮನೆಯಿಂದ ಬೆಳಗಿನ ರೈಲು ಹಿಡಿದು, ಊರಿಗಾಂ ದಾಟಿ ಚಾಂಪಿಯನ್‌ನಲ್ಲಿ ಇಳಿದು, ಗಣಿ ಕಾರ್ಮಿಕರ ಲೈನ್ ಮನೆಗಳ ನಡುವೆ ನಡೆದು ಹೋಗುತ್ತಿದ್ದೆ. ಲೈನ್ ಮನೆಗಳು ಮುಗಿದು ಹೊಲ ಶುರುವಾಗುವ ಗಡಿಯಲ್ಲಿ ನಮ್ಮ ಶಾಲೆ. ಅರ್ಧ ಮಕ್ಕಳು ಲೈನಿನವರು, ಮನೆಯಲ್ಲಿ ತಮಿಳು. ಇನ್ನರ್ಧ ಹಳ್ಳಿಯ ಕಡೆಯವರು, ಮನೆಯಲ್ಲಿ ಕನ್ನಡವೂ ತೆಲುಗೂ. ಜಗಳ ಒಂದು ಭಾಷೆಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಬೆಳೆದು ಮತ್ತೊಂದರಲ್ಲಿ ರಾಜಿಯಾಗುತ್ತಿತ್ತು. ಕಿಟಕಿಯಾಚೆ ಸೈನೈಡ್ ದಿಬ್ಬಗಳು. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಆ ಗುಡ್ಡಗಳು ಬಿಸಿಲಿಗೆ ಹಳದಿ, ಮೋಡಕ್ಕೆ ಬೂದಿ, ಮಳೆ ನಿಂತ ಸಂಜೆಯಲ್ಲಿ ಒಂದು ಗಳಿಗೆ ಗುಲಾಬಿ. ಪಾಠ ಮಾಡುತ್ತ ಮಾಡುತ್ತ ಎಷ್ಟೋ ಸಲ ನಾನೇ ಅವನ್ನು ನೋಡುತ್ತ ನಿಂತುಬಿಡುತ್ತಿದ್ದೆ. ಮಕ್ಕಳೂ ಸುಮ್ಮನೆ ಕಾಯುತ್ತಿದ್ದರು.

ಪಾವನಿ ಮೂರನೇ ಕ್ಲಾಸು. ಕಿಟಕಿಯ ಪಕ್ಕದ ಜಾಗ ಅವಳದು. ಮಾತು ಕಡಿಮೆ, ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಹುಡುಗಿ. ತಂದೆ ಲಾರಿಯ ಮೇಲೆ ಊರೂರು ಸುತ್ತುತ್ತಿದ್ದ. ತಾಯಿ ಲಕ್ಷ್ಮಿ ಗಾರ್ಮೆಂಟ್ಸ್ ಕೆಲಸಕ್ಕೆ ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಹತ್ತುತ್ತಿದ್ದಳು. ಹುಡುಗಿಯನ್ನು ಎಬ್ಬಿಸಿ, ಜಡೆ ಹಾಕಿ, ಶಾಲೆಗೆ ಬಿಟ್ಟು, ಕರೆದುಕೊಂಡು ಹೋಗುವುದೆಲ್ಲ ಅಜ್ಜಿ ಮುನಿಯಮ್ಮ. ಆಕೆ ಕೂಲಿಗೆ ಹೋಗುವವರು. ಕಳೆ ತೆಗೆಯುವ ಕಾಲಕ್ಕೆ ಕಳೆ, ರಾಗಿ ಕೊಯ್ಲಿಗೆ ರಾಗಿ, ದಸರಾ ಕಳೆದರೆ ಕಡ್ಲೆಕಾಯಿ.

ಆ ವರ್ಷ ಮಳೆ ಚೆನ್ನಾಗಿ ಆಗಿತ್ತು. ಶಾಲೆಯ ಬೇಲಿಯಾಚೆಗೇ ಕಡ್ಲೆಕಾಯಿ ಹೊಲ. ದಸರಾ ರಜೆ ಮುಗಿಸಿ ನಾವು ಬಾಗಿಲು ತೆಗೆದಾಗ ಹೆಂಗಸರು ಸಾಲಾಗಿ ಬಗ್ಗಿ ಗಿಡ ಕೀಳುತ್ತಿದ್ದರು. ಕಿತ್ತ ಗಿಡ ಕೊಡವಿದಾಗ ಕೆಂಪು ಮಣ್ಣು ಉದುರುವ ಸದ್ದು ಕ್ಲಾಸಿನೊಳಗೆ ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಮಧ್ಯಾಹ್ನ ಅವರು ಮರದ ಕೆಳಗೆ ಕೂತು ಕಾಯಿ ಬಿಡಿಸುತ್ತ ತೆಲುಗಿನಲ್ಲಿ ಏನೋ ಹಾಡಿಕೊಳ್ಳುತ್ತಿದ್ದರು. ಊರಿಗೆ ಊರೇ ಕಡ್ಲೆಕಾಯಿ ವಾಸನೆ. ಮಕ್ಕಳ ಜೇಬು, ಬ್ಯಾಗು, ಉಸಿರು ಎಲ್ಲ ಅದೇ.

ಅಂಥ ಒಂದು ಬೆಳಿಗ್ಗೆ ಪಾವನಿಯ ಕೈಕಾಲಿನ ಮೇಲೆಲ್ಲ ಗಂಧೆ ಎದ್ದಿತು. ನಾಣ್ಯದಗಲ ಕೆಂಪು ದದ್ದುಗಳು, ತುಟಿ ಒಂದಿಷ್ಟು ಊದಿತ್ತು. ಬೇಲಿಯಾಚೆಯಿಂದ ಮುನಿಯಮ್ಮನನ್ನು ಕರೆಸಿದೆವು. ಆಕೆ ಗಾಬರಿಯಾಗಲಿಲ್ಲ. ಪಿತ್ತದ ಗಂಧೆ, ವರ್ಷಾ ವರ್ಷಾ ಇದೇ ಕಾಲಕ್ಕೆ ಬರುತ್ತೆ ಎಂದು ಹೇಳಿ, ಮನೆಯಿಂದ ಕಂಬಳಿ ತಂದು ಮೊಮ್ಮಗಳ ಮೈಯೆಲ್ಲ ಉಜ್ಜಿದರು. ಸಂಜೆಯ ಹೊತ್ತಿಗೆ ಅದು ಇಳಿಯಿತು. ಏನು ತಿಂದೆ ಎಂದು ಕೇಳಿದರೆ ಪಾವನಿ ಬಹಳ ಹೊತ್ತು ಯೋಚಿಸಿ, ಬೆಳಿಗ್ಗೆ ಉಪ್ಪಿಟ್ಟಿನಲ್ಲಿ ಕಡ್ಲೆಬೀಜ ಇತ್ತು ಎಂದಳು. ಅದು ತಿಂದರೆ ಬಾಯಿ ನವೆಯಾಗುತ್ತದೆ, ಅದಕ್ಕೇ ಪ್ರತಿಸಲ ಆರಿಸಿ ಬದಿಗಿಡುತ್ತಾಳೆ, ಅದಕ್ಕೇ ಪ್ರತಿಸಲ ಬೈಸಿಕೊಳ್ಳುತ್ತಾಳೆ.

ವರ್ಷಾ ವರ್ಷಾ ಇದೇ ಕಾಲಕ್ಕೆ ಎಂಬ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಆ ಸಂಜೆ ರೈಲಿಗೆ ಇನ್ನೂ ಹೊತ್ತಿತ್ತು. ಪೇಟೆಯ ಆಸ್ಪತ್ರೆಗೆ ಹೋಗಿ ಅಲ್ಲಿನ ಡಾಕ್ಟರಮ್ಮನನ್ನು ಕೇಳಿದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ನಿಧಾನಕ್ಕೆ ಮಾತಾಡುವವರು. ಹುಡುಗಿಯನ್ನು ಒಮ್ಮೆ ಕರೆತನ್ನಿ, ಅಲ್ಲಿಯವರೆಗೆ ಕಡ್ಲೆಕಾಯಿ ಬಾಯಿಗೆ ಬೀಳದ ಹಾಗೆ ನೋಡಿಕೊಳ್ಳಿ ಎಂದರು. ಬರೀ ಗಂಧೆಯಾದರೆ ಮಾತ್ರೆಗೆ ಇಳಿಯುತ್ತದೆ. ಆದರೆ ದನಿ ಬದಲಾದರೆ, ಕೆಮ್ಮು ನಿಲ್ಲದಿದ್ದರೆ, ಉಸಿರು ಎಳೆದರೆ, ವಾಂತಿಯಾಗಿ ಮಗು ಮಂಕಾದರೆ ಮಾತ್ರೆ ಕೊಟ್ಟು ಕಾಯಬಾರದು, ತೊಡೆಗೆ ಇಂಜೆಕ್ಷನ್ ಬೀಳಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಅವರು ಒತ್ತಿ ಹೇಳಿದ್ದು ಇದು: “ಮೈಮೇಲೆ ದದ್ದು ಕಾಣಲಿಲ್ಲ ಅಂತ ಸುಮ್ಮನಿರಬೇಡಿ ಮೇಡಂ. ಕೆಲವು ಸಲ ಚರ್ಮ ಏನೂ ಹೇಳೋದೇ ಇಲ್ಲ.”

ಮಾರನೆಯ ದಿನ ಇದನ್ನೆಲ್ಲ ಮುನಿಯಮ್ಮನಿಗೆ ಹೇಳಿದೆ. ಅವರು ನಕ್ಕರು. ಈ ಮಗು ಹುಟ್ಟಿದ್ದೇ ಕಡ್ಲೆಕಾಯಿ ಕೀಳುವ ಕಾಲದಲ್ಲಿ, ಬಾಣಂತಿ ಮಲಗಿದ್ದು ಕಡ್ಲೆಕಾಯಿ ಮೂಟೆಯ ಪಕ್ಕದಲ್ಲಿ ಎಂದರು. ಆದರೂ ನನ್ನ ಮುಖ ನೋಡಿ, ಭಾನುವಾರ ಮಗಳು ಲಕ್ಷ್ಮಿಗೆ ರಜೆ ಇದೆ, ತೋರಿಸುತ್ತೇವೆ ಎಂದು ಒಪ್ಪಿಕೊಂಡರು. ಉಪ್ಪಿಟ್ಟಿಗೆ ಬೀಜ ಹಾಕುವುದನ್ನು ಅಂದೇ ಬಿಟ್ಟರು.

ಭಾನುವಾರ ಬರುವ ಮೊದಲೇ ಅದು ಆಯಿತು.

ಮಧ್ಯಾಹ್ನದ ಊಟ ಮುಗಿದಿತ್ತು. ಜಡಿ ನಿಂತು, ಬಿಸಿಲು ಎಲ್ಲೋ ಮೋಡದ ಹಿಂದೆ ಒದ್ದೆ ಬಟ್ಟೆಯನ್ನು ಹಿಂಡಿಟ್ಟಂತೆ ಇತ್ತು. ಹೊಂಗೆ ಮರದ ಕೆಳಗೆ ಹೆಣ್ಣುಮಕ್ಕಳು ಮದುವೆ ಆಟ ಆಡುತ್ತಿದ್ದರು. ನಾನು ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ಪಾವನಿಯೇ ಹೆಣ್ಣು. ಯಾರದೋ ದುಪಟ್ಟಾ ತಲೆಯ ಮೇಲೆ, ಕೊರಳಿಗೆ ತುಂಬೆ ಹೂವಿನ ಸರ. ತಲೆ ತಗ್ಗಿಸಿ ಕೂತಿದ್ದಳು, ನಿಜವಾದ ಮದುಮಗಳೂ ಅಷ್ಟು ಚೆನ್ನಾಗಿ ನಾಚಿಕೊಳ್ಳಲಾರಳು. ದೂರದಲ್ಲಿ ಹೆಂಗಸರ ಹಾಡು, ಗಿಡ ಕೊಡವುವ ಸದ್ದು. ದಿಬ್ಬದ ಮೇಲೆ ಮೋಡದ ನೆರಳೊಂದು ನಿಧಾನಕ್ಕೆ ಹತ್ತುತ್ತಿತ್ತು. ಇಡೀ ಮಧ್ಯಾಹ್ನ ನೀರಿನೊಳಗೆ ಮುಳುಗಿದ ಹಾಗಿತ್ತು.

ಚಿಪ್ಪಿನಲ್ಲಿ ಬಡಿಸಿದ ಅಡುಗೆ ಮಣ್ಣು, ಎಲೆ, ಹೂವು ಎಂದು ನಾನು ತಿಳಿದಿದ್ದೆ. ಆದರೆ ಅಡುಗೆಯವಳಾಗಿದ್ದ ಕವಿತಾ ಬೇಲಿಯ ಬಳಿ ಹೆಕ್ಕಿದ ಕಾಯಿಗಳನ್ನು ಬಿಡಿಸಿ, ಬಿಸಿಯೂಟದ ಮನೆಯಲ್ಲಿ ಕೇಳಿ ತಂದ ಬೆಲ್ಲದ ಜೊತೆ ಕಲ್ಲಿನ ಮೇಲೆ ಕುಟ್ಟಿ ಉಂಡೆ ಕಟ್ಟಿದ್ದಳು. ಮದುಮಗಳು ಮೊದಲು ತಿನ್ನಬೇಕು ಎಂದು ಎಲ್ಲರೂ ಹೇಳಿದರಂತೆ. ಪಾವನಿ ತಿಂದಳು.

ನನಗೆ ಮೊದಲು ಕಂಡದ್ದು ಅವಳು ಅಂಗೈಯಿಂದ ನಾಲಿಗೆ ಒರೆಸಿಕೊಂಡದ್ದು. ಆಮೇಲೆ ಕೆಮ್ಮು. ದುಪಟ್ಟಾ ತೆಗೆದುಹಾಕಿ ನನ್ನ ಕಡೆಗೆ ಬರತೊಡಗಿದಳು. ನಡುವೆ ನಿಂತು ವಾಂತಿ ಮಾಡಿಕೊಂಡಳು. ನಾನು ಓಡಿ ಹೋಗಿ ಹಿಡಿದೆ. ಮೈಮೇಲೆ ಒಂದೇ ಒಂದು ದದ್ದೂ ಇರಲಿಲ್ಲ. “ಮಿಸ್” ಅಂದಳು. ಆ ದನಿ ಅವಳದಲ್ಲ. ಗಂಟಲಿನ ಬಾಗಿಲು ಒಳಗಿನಿಂದ ಯಾರೋ ಮುಚ್ಚುತ್ತಿದ್ದಾರೆ ಎಂಬಂತೆ ಸಣ್ಣದಾಗಿ, ಗೊಗ್ಗರಾಗಿ ಬಂತು.

ಬಿಸಿಯೂಟ ಮಾಡುವ ಸರೋಜಾಳ ಗಂಡ ಅನ್ಬುವಿನ ಬಳಿ ಆಟೋ ಇತ್ತು, ಊಟಕ್ಕೆಂದು ಅವನು ಲೈನಿನ ಮನೆಗೆ ಬಂದಿದ್ದ. ಆಂಬುಲೆನ್ಸ್ ಕರೆಸಿ ಕಾಯುವುದಕ್ಕಿಂತ ಇದೇ ಬೇಗ ಮುಟ್ಟುತ್ತದೆ ಎಂದು ಹೆಡ್ ಮಾಸ್ಟರು ಅವನನ್ನು ಕರೆಸಿದರು, ಆಸ್ಪತ್ರೆಗೂ ಫೋನ್ ಮಾಡಿ ಹೇಳಿದರು. ಅಷ್ಟರಲ್ಲಿ ಮುನಿಯಮ್ಮ ಬೇಲಿ ದಾಟಿ ಓಡಿಬಂದರು. ಸೊಂಟಕ್ಕೆ ಕಟ್ಟಿದ ಗೋಣಿಚೀಲ ಹಾಗೇ ಇತ್ತು, ಸೀರೆಯ ತುಂಬ ಕಡ್ಲೆಕಾಯಿ ಮಣ್ಣು, ಕೈ ಕೆಂಪಾಗಿತ್ತು. ಸರೋಜಾಳಿಗೆ ಮೆಣಸು ಕುಟ್ಟಿ ಬೆಲ್ಲದ ನೀರು ಮಾಡು ಎಂದರು. ಮಗುವನ್ನು ಎತ್ತಿ ಎದೆಗೆ ಹಾಕಿಕೊಳ್ಳಲು ಕೈ ಚಾಚಿದರು.

ನಾನು ಅಡ್ಡ ಬಂದೆ. ಬಾಯಿಗೆ ಏನೂ ಹಾಕುವ ಹಾಗಿಲ್ಲ ಎಂದೆ. ಆಮೇಲೆ ಹೇಳಲೇಬೇಕಾದದ್ದನ್ನು ಹೇಳಿದೆ. “ಅಜ್ಜಿ, ನೀವು ಅವಳನ್ನ ಮುಟ್ಟಬೇಡಿ. ನಿಮ್ಮ ಕೈಮೇಲಿರೋದೇ ಅವಳಿಗೆ ಆಗ್ತಿಲ್ಲ.”

ಮುನಿಯಮ್ಮ ತಮ್ಮ ಕೈಗಳನ್ನು ನೋಡಿಕೊಂಡರು. ಗೋಣಿ ಬಿಚ್ಚಿ ಎಸೆದು, ನೀರಿನ ತೊಟ್ಟಿಗೆ ಹೋಗಿ, ಪಾತ್ರೆ ತೊಳೆಯುವ ಸೋಪಿನಲ್ಲಿ ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದರು. ಆಟೋ ಬಂತು. ಹಿಂದಿನ ಸೀಟಿನಲ್ಲಿ ನಾನು ಕೂತು ಪಾವನಿಯ ತಲೆ, ಬೆನ್ನು ನನ್ನ ಮೇಲೆ ಒರಗಿಸಿಕೊಂಡೆ. ಡಾಕ್ಟರಮ್ಮ ಹೇಳಿದ್ದ ಹಾಗೆ ಅವಳನ್ನು ನಡೆಸಲೂ ಇಲ್ಲ, ನಿಲ್ಲಿಸಲೂ ಇಲ್ಲ. ಅನ್ಬುವೇ ಎತ್ತಿ ಮಲಗಿಸಿದ. ಕಾಲು ಮೇಲಿರಬೇಕು ಎಂದೆ. ಮುನಿಯಮ್ಮ ಆಟೋದ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ನಾನು ಕೊಟ್ಟ ಶಾಲನ್ನು ಮೊಮ್ಮಗಳ ಪಾದಗಳಿಗೆ ಸುತ್ತಿ, ಆ ಬಟ್ಟೆಯ ಮೇಲಿನಿಂದ ಮಾತ್ರ ಅವುಗಳನ್ನು ಎತ್ತಿ ಹಿಡಿದುಕೊಂಡರು. ಮುಖ ಮಾತ್ರ ಹೊರಗಿನ ರಸ್ತೆಯ ಕಡೆಗೆ. ತಮ್ಮ ಉಸಿರೂ ಮಗುವಿಗೆ ತಾಗಬಾರದು ಎಂದುಕೊಂಡಿದ್ದರೋ ಏನೋ.

ಆ ದಾರಿ ದೊಡ್ಡದಲ್ಲ. ಆದರೆ ನನ್ನ ನೆನಪಿನಲ್ಲಿ ಅದು ಮುಗಿಯುವುದೇ ಇಲ್ಲ. ಒದ್ದೆ ರಸ್ತೆ, ಎರಡೂ ಕಡೆ ನೀಲಗಿರಿ ಮರಗಳು, ಅವುಗಳ ಸಂದಿನಲ್ಲಿ ಗಣಿಯ ಹಳೆಯ ಕಬ್ಬಿಣದ ಗೋಪುರವೊಂದು ಬಂದು ಹೋಗಿ ಮತ್ತೆ ಬಂದಂತೆ. ಪಾವನಿ ಉಸಿರು ಎಳೆದುಕೊಳ್ಳುವಾಗ ಪಕ್ಕೆಲುಬಿನ ನಡುವೆ ಗುಳಿ ಬೀಳುತ್ತಿತ್ತು. ಅನ್ಬು ಹಿಂದೆ ತಿರುಗದೆ, “ಬಯಪ್ಪಡಾದೀಂಗ ಪಾಟಿ” ಎಂದ. ಹೆದರಬೇಡಿ ಅಜ್ಜಿ ಎಂದು ಅವನ ತಮಿಳು. ಅಜ್ಜಿಗೆ ಕೇಳಿಸಿತೋ ಇಲ್ಲವೋ.

ಪಾವನಿ ಕಣ್ಣು ತೆರೆದು ನನ್ನನ್ನು ನೋಡಿದಳು. “ಮಿಸ್, ನಾನು ಸತ್ತೋಗ್ತೀನಾ?”

“ಇಲ್ಲ” ಎಂದೆ. “ನಿನಗೆ ಏನಾಗ್ತಿದೆ ಅಂತ ನನಗೆ ಗೊತ್ತು. ಅದಕ್ಕೆ ಔಷಧಿ ಇದೆ. ಅದು ಇರೋ ಕಡೆಗೇ ಹೋಗ್ತಿದೀವಿ.”

ಅಷ್ಟು ಹೊತ್ತಿಗೆ ಅವಳ ತುಟಿ ಬೆಳ್ಳಗಾಗಿತ್ತು, ಕಣ್ಣುಗಳು ಮತ್ತೆ ಮುಚ್ಚಿಹೋದವು. ಆಸ್ಪತ್ರೆಯ ಬಾಗಿಲಲ್ಲೇ ಡಾಕ್ಟರಮ್ಮ ಕಾದಿದ್ದರು. ಮೇಜಿನ ಮೇಲೆ ಮಲಗಿಸಿದ್ದೇ ತಡ, ಲಂಗ ಸರಿಸಿ ತೊಡೆಯ ಹೊರಬದಿಗೆ ನೇರ ಸೂಜಿ ಹಾಕಿದರು. ಮೂಗಿಗೆ ಆಮ್ಲಜನಕ, ಕೈಗೆ ಗ್ಲೂಕೋಸ್. ಕಾದೆವು. ಉಸಿರು ಇನ್ನೂ ಎಳೆಯುತ್ತಲೇ ಇತ್ತು. ಡಾಕ್ಟರಮ್ಮ ಗಡಿಯಾರ ನೋಡಿ ಇನ್ನೊಂದು ಇಂಜೆಕ್ಷನ್ ಹಾಕಿದರು. ಆಮೇಲೆ ಎಲ್ಲಿಂದಲೋ ಬಣ್ಣ ಬಂತು. ಮೊದಲು ಕಿವಿಗೆ, ಆಮೇಲೆ ಕೆನ್ನೆಗೆ. ಪಕ್ಕೆಯ ಗುಳಿ ತುಂಬಿಕೊಂಡಿತು. ಪಾವನಿ ಎಚ್ಚರವಾಗಿ ತನ್ನದೇ ದನಿಯಲ್ಲಿ, “ನನ್ನ ಹೂವಿನ ಸರ ಎಲ್ಲಿ?” ಎಂದು ಕೇಳಿದಳು. ಆಗ ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಇದು ಒಮ್ಮೆ ಇಳಿದು ಮತ್ತೆ ಏಳಬಹುದು, ನಾಳೆಯವರೆಗೆ ಇಲ್ಲೇ ಇರಲಿ ಎಂದರು ಡಾಕ್ಟರಮ್ಮ. ಹೇಳಲು ಹೊರಗೆ ಬಂದರೆ ಮುನಿಯಮ್ಮ ಅಲ್ಲಿಲ್ಲ. ಹಿಂಬದಿಯ ನಲ್ಲಿಯ ಹತ್ತಿರ ನರ್ಸಮ್ಮನಿಂದ ಸೋಪು ಕೇಳಿ ಇಸಕೊಂಡು, ತಲೆಗೂ ನೀರು ಹಾಕಿಕೊಂಡು, ಪಕ್ಕದ ವಾರ್ಡಿನ ಯಾವುದೋ ಬಾಣಂತಿಯ ತಾಯಿ ಕೊಟ್ಟ ಸೀರೆ ಉಟ್ಟು ನಿಂತಿದ್ದರು. ತೋಳೆಲ್ಲ ಉಜ್ಜಿ ಉಜ್ಜಿ ಕೆಂಪಾಗಿತ್ತು. “ಈಗ ಒಳಗ್ ಓಗಬೌದಾ ಟೀಚರಮ್ಮ?” ಎಂದು ಕೇಳಿದರು. ಹೋಗಿ ಎಂದೆ. ಆದರೂ ಮಂಚದ ಹತ್ತಿರ ಹೋಗಿ ಸುಮ್ಮನೆ ನಿಂತರು, ಮುಟ್ಟಲಿಲ್ಲ. ಪಾವನಿಯೇ ಗ್ಲೂಕೋಸಿನ ನಳಿಕೆ ಇಲ್ಲದ ಕೈ ಚಾಚಿದಳು.

ಕೆಲಸದ ಬಟ್ಟೆಯಲ್ಲೇ ಬಂದ ಲಕ್ಷ್ಮಿಗೆ ವಿಷಯ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಕೆ ಅಳಲಿಲ್ಲ. ಮತ್ತೆ ಹೀಗಾದರೆ ಆಸ್ಪತ್ರೆಗೆ ಬರುವವರೆಗೂ ಮಗು ತಡೆಯುತ್ತದೆಯೇ ಎಂದು ಮಾತ್ರ ಕೇಳಿದಳು. ಆ ಪ್ರಶ್ನೆಯ ನಂತರವೇ ಡಾಕ್ಟರಮ್ಮ ಎರಡು ಡಬ್ಬಿಗಳಲ್ಲಿ ಔಷಧಿ, ಸಿರಿಂಜು ಇಟ್ಟುಕೊಟ್ಟದ್ದು. ಒಂದು ಮನೆಗೆ, ಒಂದು ಶಾಲೆಗೆ. ಎಷ್ಟು ಎಳೆದುಕೊಳ್ಳಬೇಕು, ತೊಡೆಯಲ್ಲಿ ಎಲ್ಲಿ ಹಾಕಬೇಕು ಎಂದು ಲಕ್ಷ್ಮಿಗೂ ನನಗೂ ಮೋಸಂಬಿ ಹಣ್ಣಿನ ಮೇಲೆ ಕಲಿಸಿದರು. ಹಾಕಿದ ಮೇಲೂ ಆಸ್ಪತ್ರೆಗೆ ಬರಲೇಬೇಕು ಎಂದು ಮತ್ತೆ ಮತ್ತೆ ಹೇಳಿದರು. ನೀರು ತುಂಬಿಕೊಂಡ ಆ ಮೋಸಂಬಿಗಳನ್ನು ನೋಡಿ ಪಾವನಿ ಮಂಚದ ಮೇಲೆ ಕೂತು ನಗುತ್ತಿದ್ದಳು.

ಶಾಲೆಯಲ್ಲಿ ಮಕ್ಕಳಿಗೂ ಹೇಳಬೇಕಾಯಿತು. ಕವಿತಾ ಎರಡು ದಿನ ಬಂದೇ ಇರಲಿಲ್ಲ. ನಾನೇ ಅವಳ ಮನೆಗೆ ಹೋಗಿ ಕರೆತಂದೆ. ಕೊಟ್ಟದ್ದು ಪ್ರೀತಿಯಿಂದ, ಅದರಲ್ಲಿ ತಪ್ಪಿಲ್ಲ, ಆದರೆ ಪಾವನಿಯ ಮೈ ಕಡ್ಲೆಕಾಯಿಯನ್ನು ಶತ್ರು ಎಂದು ತಿಳಿದುಬಿಡುತ್ತದೆ ಎಂದು ವಿವರಿಸಿದೆ. ಯಾರದೇ ದನಿ ಒಡೆದರೆ, ಉಸಿರಿಗೆ ಕಷ್ಟವಾದರೆ, ನೀರು ಕುಡಿಸುತ್ತ ಕೂರದೆ ಓಡಿಬಂದು ದೊಡ್ಡವರನ್ನು ಕರೆಯಬೇಕು ಎಂದೆ. ಮಕ್ಕಳು ಅದನ್ನೇ ಆಟ ಮಾಡಿಕೊಂಡರು. ಹೊಂಗೆ ಮರದ ಕೆಳಗೆ ದಿನಾ ಯಾರೋ ಒಬ್ಬರು ಮಲಗುವುದು, ಇನ್ನೊಬ್ಬರು ಕಾಲು ಎತ್ತಿ ಹಿಡಿಯುವುದು, ಮತ್ತೊಬ್ಬರು ಆಟೋ. ಕವಿತಾ ಯಾವಾಗಲೂ ಡಾಕ್ಟರು. ತೊಡೆಗೆ ಸೂಜಿ ಹಾಕುವಾಗ ಬಹಳ ಗಂಭೀರವಾಗಿ, ಕೆಳತುಟಿ ಕಚ್ಚಿಕೊಂಡು ಹಾಕುತ್ತಿದ್ದಳು.

ಮುನಿಯಮ್ಮ ಕಡ್ಲೆಕಾಯಿ ಕೆಲಸ ಬಿಟ್ಟರು. ಟೊಮೇಟೊ ಬಿಡಿಸಲು ದೂರದ ತೋಟಕ್ಕೆ ಹೋಗತೊಡಗಿದರು. ಹೊಲದ ಹೆಂಗಸರಿಗೆ ಇದು ಅರ್ಥವಾಗಲಿಲ್ಲ. ಕಣ್ಣು ಬಿದ್ದಿದೆ, ದೃಷ್ಟಿ ತೆಗೆಸು ಎಂದರಂತೆ. ತೆಗೆಸಿದರು ಕೂಡ. ದೃಷ್ಟಿ ತೆಗೆಸಿ, ಬೇಲಿ ದಾಟದೆ, ಆ ಹೆಂಗಸರಿಗೆ ದೂರದಿಂದಲೇ ಕೈಯೆತ್ತಿ ಟೊಮೇಟೊ ತೋಟದ ಕಡೆ ಹೊರಟರು. ಎಷ್ಟೋ ವರ್ಷ ಜೊತೆಯಲ್ಲಿ ಬಗ್ಗಿ, ಜೊತೆಯಲ್ಲಿ ಹಾಡಿದ ಗುಂಪು ಅದು. ಒಂದು ಬೆಳಿಗ್ಗೆ ಬೇಲಿಯ ಈಚೆ ನಿಂತು ಅವರ ಹಾಡು ಕೇಳುತ್ತಿದ್ದರು. ನನ್ನನ್ನು ಕಂಡು, “ಅವ್ರು ಪದ ಬಿಟ್ಬಿಟ್ಟು ಆಡ್ತಾವ್ರೆ ಟೀಚರಮ್ಮ. ಅದ್ನ ಎತ್ತೋಳು ನಾನೇ ಆಗಿದ್ದೆ” ಎಂದರು.

ಪಾವನಿ ಒಂದು ದಿನ ನಕ್ಷೆಗೆ ಬಣ್ಣ ಹಚ್ಚುತ್ತ, ಕಡ್ಲೆಕಾಯಿ ರುಚಿ ನಿಜವಾಗಿ ಹೇಗಿರುತ್ತದೆ ಎಂದು ಕೇಳಿದಳು. ಅವಳಿಗೆ ಗೊತ್ತಿದ್ದದ್ದು ನವೆ ಮಾತ್ರ. ನಾನು ಬಹಳ ಯೋಚಿಸಿ, ಮಳೆ ಬಿದ್ದಾಗ ಮಣ್ಣಿನ ವಾಸನೆ ಬರುತ್ತದಲ್ಲ, ಅದಕ್ಕೆ ಸ್ವಲ್ಪ ಬೆಣ್ಣೆ ಹಚ್ಚಿದ ಹಾಗೆ ಎಂದೆ. ಅವಳು ತಲೆಯಾಡಿಸಿ ಕಿಟಕಿಯಾಚೆ ನೋಡಿದಳು. ಹೊಲದಲ್ಲಿ ಆಗಲೇ ಗಿಡಗಳೆಲ್ಲ ಮುಗಿದು ಬರೀ ನೆಲ ಉಳಿದಿತ್ತು.

ಸಂಕ್ರಾಂತಿ ಹತ್ತಿರ ಬಂದಾಗ ನನಗೆ ಮತ್ತೆ ಭಯ. ಎಳ್ಳು ಬೀರುವ ಹಬ್ಬ, ಎಳ್ಳುಬೆಲ್ಲದಲ್ಲಿ ಕಡ್ಲೆಬೀಜ ಇಲ್ಲದ ಮನೆ ಯಾವುದು? ಈ ಸಲ ಹೋಗಬೇಡ ಎಂದು ಲಕ್ಷ್ಮಿ ಮಗಳಿಗೆ ಹೇಳಿದ್ದಳು. ಹುಡುಗಿ ಊಟ ಬಿಟ್ಟು ಕೂತಿದ್ದಳಂತೆ. ಕೊನೆಗೆ ಮುನಿಯಮ್ಮ, ನಾನೇ ಜೊತೆಗೆ ಹೋಗುತ್ತೇನೆ ಎಂದರು. ಎಳ್ಳು ಪಾವನಿಗೆ ಒಗ್ಗುತ್ತಿತ್ತು. ಎಳ್ಳು, ಕೊಬ್ಬರಿ, ಬೆಲ್ಲ, ಹುರಿಗಡಲೆ ಇಷ್ಟನ್ನೇ ಮನೆಯಲ್ಲೇ ಕಲಸಿ ಪೊಟ್ಟಣ ಕಟ್ಟಿದರು. ನನ್ನನ್ನೂ ಕರೆದಿದ್ದರು, ಇಂಜೆಕ್ಷನ್ ಡಬ್ಬಿ ಬ್ಯಾಗಿನಲ್ಲಿಟ್ಟುಕೊಂಡು ನಾನೂ ಹಿಂದೆ ಹೊರಟೆ.

ಚಳಿಯ ಇಳಿಬಿಸಿಲು. ಲೈನಿನ ಬಾಗಿಲುಗಳಲ್ಲಿ ಪೊಂಗಲ್ ಕೋಲಂ, ಹಳ್ಳಿಯ ಬಾಗಿಲುಗಳಲ್ಲಿ ರಂಗೋಲಿ, ಎರಡೂ ಒಂದಕ್ಕೊಂದು ತಾಗಿಕೊಂಡಿದ್ದವು. ರೇಷ್ಮೆ ಲಂಗ ಉಟ್ಟ ಪಾವನಿ ಮುಂದೆ, ತಟ್ಟೆ ಹಿಡಿದ ಅಜ್ಜಿ ಪಕ್ಕದಲ್ಲಿ. ಮೊದಲ ಮನೆಯಾಕೆ ತನ್ನ ಎಳ್ಳುಬೆಲ್ಲದ ಬಟ್ಟಲು ಮುಂದಿಟ್ಟಳು. ಮುನಿಯಮ್ಮ ಬಾಯಿ ತೆರೆಯುವ ಮೊದಲೇ ಪಾವನಿ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು.

“ನಂಗೆ ಕಡ್ಲೆಬೀಜ ಆಗಲ್ಲ ಆಂಟಿ, ಉಸಿರು ನಿಂತೋಯ್ತದೆ. ಕಬ್ಬು ಕೊಡಿ.”

ಆಕೆ ಒಂದು ಕ್ಷಣ ತಬ್ಬಿಬ್ಬಾಗಿ, ಕೈ ತೊಳೆದುಕೊಂಡು ಬಂದು ಮೂಲೆಯಲ್ಲಿದ್ದ ಕಬ್ಬಿನ ಜಲ್ಲೆಯಿಂದ ದೊಡ್ಡ ತುಂಡು ಮುರಿದುಕೊಟ್ಟಳು. ಎರಡನೇ ಮನೆಯಲ್ಲೂ ಅದೇ ಮಾತು. ತಮಿಳಿನ ಮನೆಯಲ್ಲಿ ಅದನ್ನೇ ತಮಿಳಿನಲ್ಲಿ ಹೇಳಿದಳು. ಬೀದಿಯ ಕೊನೆ ಮುಟ್ಟುವಾಗ ಅಜ್ಜಿಯ ಕಂಕುಳಲ್ಲಿ ಹಿಡಿಸಲಾರದಷ್ಟು ಕಬ್ಬು.

ಬೇಸಿಗೆಗೆ ನನಗೆ ಬಂಗಾರಪೇಟೆಯ ಹತ್ತಿರಕ್ಕೇ ವರ್ಗವಾಯಿತು. ಪಾವನಿ ಈಗ ಹೈಸ್ಕೂಲು. ತನ್ನ ಇಂಜೆಕ್ಷನ್ ಡಬ್ಬಿ ತಾನೇ ಇಟ್ಟುಕೊಳ್ಳುತ್ತಾಳೆ, ಕೇಳದೆ ಯಾವುದನ್ನೂ ಬಾಯಿಗಿಡುವುದಿಲ್ಲ. ನಡುವೆ ಒಮ್ಮೆ ಯಾವುದೋ ಬೇಕರಿಯ ತಿಂಡಿಯಿಂದ ಮತ್ತೆ ಹಾಗಾಯಿತಂತೆ. ಲಕ್ಷ್ಮಿಯೇ ಇಂಜೆಕ್ಷನ್ ಹಾಕಿ ಆಸ್ಪತ್ರೆಗೆ ಕರೆದೊಯ್ದಳಂತೆ. ಫೋನಿನಲ್ಲಿ ಆಕೆಯೇ ಹೇಳಿದ್ದು.

ನನ್ನ ಕಣ್ಣಿಗೆ ಮಾತ್ರ ಈಗಲೂ ಬರುವುದು ಆ ಸಂಕ್ರಾಂತಿಯ ಸಂಜೆಯೇ. ಸುತ್ತಿ ಸುತ್ತಿ ದಣಿದ ಪಾವನಿ ಜಗಲಿಯ ಮೇಲೆ, ಕಬ್ಬು ಅರ್ಧ ಜಗಿದ ಬಾಯಲ್ಲೇ, ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ದಿಬ್ಬಗಳ ಮೇಲೆ ಆ ಗುಲಾಬಿ ಬಣ್ಣ ಇನ್ನೂ ಸ್ವಲ್ಪ ಉಳಿದಿತ್ತು. ಮೊಮ್ಮಗಳ ಹಣೆಯ ಕೂದಲು ಸರಿಸಲು ಮುನಿಯಮ್ಮ ಕೈ ಎತ್ತಿದರು. ನಡುವೆ ತಡೆದು, ಎರಡೂ ಅಂಗೈಗಳನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಮೂಸಿ ನೋಡಿಕೊಂಡರು. ಆಮೇಲೆ ತಲೆ ಸವರಿದರು.